ಅಣ್ಣನ ಕಣ್ಣಿನ ಹಳದಿ

ಅತ್ತಿಗೆ,

ಅಣ್ಣನ ಮೂತ್ರದ ಸೀಸೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪರೀಕ್ಷೆಗೆ ಕೊಡಲು ಮಂಡ್ಯದ ಬಸ್ಸಿಗೆ ಓಡುತ್ತಿದ್ದೇನೆ. ಕಾಮಾಲೆಯೆಂಬ ನಿಮ್ಮ ಅನುಮಾನವೇ ಸರಿ. ಫ್ಲೂ ಜ್ವರ ಕೆಲವರಿಗೆ ಈಲಿಯನ್ನೂ, ಅದೇ ಲಿವರನ್ನೂ, ಕೆಡಿಸುತ್ತದಂತೆ, ಡಾಕ್ಟರು ನೆನ್ನೆ ಒಪ್ಪಿದರು. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಹೆಂಡತಿಯರು ಹಾಸಿಗೆಯ ಪಕ್ಕ ಕೂತು ಅಳುತ್ತಾರೆ. ನೀವು ಅವನನ್ನು ಬಿಸಿಲಿಗೆ ಕರೆತಂದು ರೆಪ್ಪೆ ಎತ್ತಿ ನೋಡಿದಿರಿ!

ಗಂಜಿ, ನೀರು ಮಜ್ಜಿಗೆ ಮಾತ್ರ ಕೊಡಿ. ಕಾಮಾಲೆಗೆ ಬರೆ ಹಾಕುವವನು ಬಂದರೆ ಬಾಗಿಲು ತೆಗೆಯಬೇಡಿ. ಜಿಡ್ಡು ಬೇಡವೇ ಬೇಡ.

ನೀವು ಗದ್ದೆಗೆ ಹೋದ ಕೂಡಲೇ ಅಜ್ಜಿ ಬಂಡೂರು ಕುರಿಯ ಕೊಬ್ಬಿನ ಸಾರು ತಂದಳು. "ಗಂಜಿ ಕುಡ್ದು ಎದ್ದೋರುಂಟೇನ್ಲಾ? ಕುಡಿ, ಸಕ್ತಿ ಬತ್ತದೆ."

ಮಾಂಸವೆಂದರೆ ಪ್ರಾಣ ಬಿಡುವ ಅಣ್ಣ ಗೋಡೆಗೆ ಮುಖ ತಿರುಗಿಸಿದ.

"ತಗೊಂಡೋಗು ಅಜ್ಜಿ. ಅವ್ಳು ಊಂ ಅನ್ನೋಗಂಟ ನಾನು ಮುಟ್ಟಾಕಿಲ್ಲ."