ಕೊಡದ ಮುಡಿ

ಮಿರ್ಲೆ
24-8-2025

ರೀ,

‘ಗೊಬ್ಬರದಂಗಡಿ ಮಾದೇಶ್ ಅವರಿಗೆ’ ಎಂದು ಬಿಗಿಯಾಗಿ ಶುರುಮಾಡೋಣವೆಂದು ಕುಳಿತೆ. ಪೆನ್ನು ಹಿಡಿದ ಕೈ ಕೇಳಲಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಕೋಪ ಅರ್ಧಕ್ಕೇ ಇಳಿದುಬಿಡುತ್ತದೆ. ಅದಕ್ಕೇ ಈ ಕಾಗದ. ನಿನ್ನೆ ಬಂದ ಮಾವನವರು ಇನ್ನೂ ಇಲ್ಲೇ ಇದ್ದಾರೆ. ನಾಳೆ ಪಿರಿಯಾಪಟ್ಟಣದ ಬಸ್ಸು ಹತ್ತುವಾಗ ಇದನ್ನು ಅವರ ಜೇಬಿಗೆ ಹಾಕಿ ಕಳಿಸುತ್ತೇನೆ.

ಬಂದವರು ಕಾಲು ತೊಳೆಯುವ ಮೊದಲೇ ಅಂದರು: “ಸತ್ತೋನು ಅನ್ನಿಸ್ಕೊಂಡೋನು ನಾನು, ತಲೆ ಬೋಳಾಗಿದ್ದು ಅವಂದು, ಮುನಿಸ್ಕೊಂಡು ಕುಂತೋಳು ನೀನು. ಇದ್ಯಾವ ನ್ಯಾಯ ಕಣವ್ವ?” ಮನೆಯವರೆಲ್ಲ ನಕ್ಕರು. ನಾನು ಅಡುಗೆಮನೆಗೆ ಹೋಗಿ ನಕ್ಕೆ. ಆಮೇಲೆ ದನಿ ತಗ್ಗಿಸಿ ಹೇಳಿದರು: “ಅಂಗ್ಡಿಗೂ ಓಗ್ತಿಲ್ಲ ಕಣವ್ವ. ದಿಂಬಿನ ಮ್ಯಾಲೆ ಉದುರಿದ ಕೂದ್ಲ ನೋಡ್ಕೊಂಡು ಕುಂತವ್ನೆ. ಸುಳ್ಳು ಏಳಿದ್ಕೆ ಮಾದಪ್ಪನೇ ಕಿತ್ಕತಾವ್ನೆ ಅಂತಾನೆ.”

ನೀವು ಇದನ್ನೆಲ್ಲ ನಿಮ್ಮ ಕಡೆಯಿಂದ ಮಾತ್ರ ನೋಡಿದ್ದೀರಿ. ನನ್ನ ಕಡೆಯ ಕತೆಯನ್ನು ಮೊದಲಿನಿಂದ ಕೇಳಿ.

ನನ್ನನ್ನು ನೋಡಲು ಈ ಮನೆಗೆ ಬಂದ ದಿನ ನೆನಪಿದೆಯೇ? ನಾನು ಉಪ್ಪಿಟ್ಟಿನ ತಟ್ಟೆ ಕೊಟ್ಟು ತಿರುಗಿದಾಗ ನಿಮ್ಮ ಕಣ್ಣು ನನ್ನ ಜಡೆಯ ತುದಿಯವರೆಗೂ ಇಳಿದು ಅಲ್ಲೇ ಉಳಿಯಿತೆಂದು ತಂಗಿ ರಮ್ಯ ವಾರವೆಲ್ಲ ರೇಗಿಸಿದಳು. ನಾನೋ, ಬಾಗಿಲ ಸಂದಿಯಿಂದ ನಿಮ್ಮ ಕ್ರಾಪು ನೋಡುತ್ತಿದ್ದೆ. ಹಿಂದಿನ ಜೇಬಿನಿಂದ ಬಾಚಣಿಗೆ ಎಳೆದು, ನಮ್ಮ ಹಂಡೆಯ ನೀರಿನಲ್ಲಿ ಮುಖ ನೋಡಿಕೊಂಡು ಬಾಚಿದಿರಲ್ಲ! ಮದುವೆಯಾದ ಹೊಸದರಲ್ಲಿ ಚುಂಚನಕಟ್ಟೆಗೆ ಹೋದಾಗ ಜಲಪಾತದ ಹನಿಗೆ ಅದೇ ಕ್ರಾಪು ಒದ್ದೆಯಾಗಿ ಹಣೆಗೆ ಅಂಟಿತ್ತು. ಒರೆಸಿಕೊಳ್ಳಲು ನನ್ನ ಸೆರಗೇ ಬೇಕಾಯಿತು ನಿಮಗೆ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಆ ಕೂದಲಿಗೆ ಮೆತ್ತಿದ ಅಂಟನ್ನು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದವಳು ನಾನು. “ನಿಧಾನ ಕಣೇ, ನೆತ್ತೀಲಿ ಬೆಂಕಿ ಅತ್ಕತದೆ!” ಎಂದು ಕೂಗಾಡುತ್ತಿದ್ದಿರಿ.

ಅದು ಉದುರತೊಡಗಿದ್ದು ನಿಮಗಿಂತ ಮೊದಲು ನನಗೆ ಗೊತ್ತಾಯಿತು. ನೀವು ಮುಖ ತೊಳೆಯಲು ಎದ್ದ ಕೂಡಲೇ ದಿಂಬು ಕೊಡವಿಡುತ್ತಿದ್ದೆ. ಕನ್ನಡಿ ಇರುವ ಮನೆಯಲ್ಲಿ ಎಷ್ಟು ದಿನ ಮುಚ್ಚಿಡಲಿ?

ಆಮೇಲೆ ಕೆ.ಆರ್. ನಗರದ ಬಸ್ಸಿನಲ್ಲಿ ಆ ಕಂಡಕ್ಟರ್ ಅಂದನಲ್ಲ, “ನಿಮ್ ಮಗಳ್ದು ಫ್ರೀ ಕಣ್ರೀ ಯಜಮಾನ್ರೇ, ನಿಮ್ದು ಎಲ್ಲಿಗೆ?” ಎಂದು. ನಾನು ದಾರಿಯುದ್ದಕ್ಕೂ ನಕ್ಕೆ. ನೀವು ನಗಲಿಲ್ಲ. ಅಂದಿನಿಂದ ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದನ್ನೇ ಬಿಟ್ಟಿರಿ. ಅದು ಯಾಕೆಂದು ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ.

ಟಿಲ್ಲರಿಗೆ ಬೆಲ್ಟು ತರಲು ಮೈಸೂರಿಗೆ ಹೋದವರು ತಲೆ ಬೋಳಿಸಿಕೊಂಡು ಬಂದಿರಿ. ಆಸ್ಪತ್ರೆಯಲ್ಲಿ ಹಿಂದಲೆಯ ಕೂದಲು ತೆಗೆಸಿ ಮುಂದಲೆಗೆ ನೆಡಿಸಿಕೊಂಡಿದ್ದೀರೆಂದು ಯಾರಿಗೆ ಗೊತ್ತು? ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಟೋಪಿ ತೆಗೆದದ್ದೇ ತಪ್ಪಾಯಿತು. ಮಾವನವರ ಹಳೇ ಸ್ನೇಹಿತರು, ಕಣ್ಣು ಮಂಜಾದ ಗೋವಿಂದಯ್ಯನವರು ಎದೆ ಬಡಿದುಕೊಂಡರಂತೆ: “ಅಯ್ಯೋ ಮಾದೇಸಾ, ನಿಮ್ಮಪ್ಪ ಮರಿಯಯ್ಯ ಯಾವಾಗ್ಲಾ ಓದ? ನಂಗೊಂದು ಮಾತು ಏಳ್ಬಾರ್ದಾ?” ನೀವು ಊರು ತಲುಪುವ ಮೊದಲೇ ಫೋನು ತಲುಪಿತ್ತು. ಹಾರ ಹಿಡಿದ ಜನ ಅಂಗಳದಲ್ಲಿ ನಿಂತಿದ್ದರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕುತ್ತಿದ್ದ ಮಾವನವರು ಹೊರಬಂದು, “ಯಾರ್ಲಾ ಸತ್ತಿದ್ದು?” ಎಂದು ತಾವೇ ಗಾಬರಿಯಾಗಿ ಕೇಳಿದರು.

ಅಷ್ಟು ಜನರ ಮುಂದೆ ನಿಮ್ಮ ಬಾಯಿಗೆ ಬಂದದ್ದು, “ಯಾರೂ ಸತ್ತಿಲ್ಲ ಬುಡ್ರಪ್ಪ, ಬೆಟ್ಟಕ್ಕೋಗಿ ಮಾದಪ್ಪಂಗೆ ಮುಡಿ ಕೊಟ್ಟು ಬಂದೆ.” ಅತ್ತೆ ನಿಂತಲ್ಲೇ ಕೈಮುಗಿದರು. ಹೋದ ವರ್ಷ ನಾನು ಡೆಂಗಿ ಜ್ವರದಲ್ಲಿ ಸಾಯುವ ಹಾಗೆ ಮಲಗಿದ್ದಾಗ ನೀವು ಹೊತ್ತ ಹರಕೆ ಎಂದು ತಾವೇ ಅಂದುಕೊಂಡು ಬೀದಿಗೆಲ್ಲ ಸಾರಿದರು: “ಎಂಡ್ತಿ ಉಳೀಲಿ ಅಂತ ಮುಡಿ ಕೊಟ್ಟವ್ನೆ ಕಣ್ರವ್ವ, ನನ್ ಮಗ!” ನೀವು ಸುಮ್ಮನಿದ್ದಿರಿ.

ನಾನು ನಂಬಿದೆ, ರೀ.

ಮುಡಿ ಕೊಟ್ಟ ತಲೆಗೆ ಗಂಧ ಹಚ್ಚಬೇಕಲ್ಲ. ಕಣ್ಣೊರೆಸಿಕೊಳ್ಳುತ್ತಲೇ ತೇಯ್ದು, ಹಿಂದಿನಿಂದ ಬಂದು ನಿಮ್ಮ ನೆತ್ತಿಗೆ ಅಂಗೈ ಇಟ್ಟೆ. “ಮುಟ್ಬ್ಯಾಡ ಕಣೇ, ನಾಟಿ ಆಳಾಯ್ತದೆ!” ಎಂದು ಕಿರುಚಿದಿರಿ. ನಾಟಿ! ಆ ಒಂದು ಮಾತಿನ ಹಿಂದೆ ಉಳಿದದ್ದೆಲ್ಲ ಹೊರಬಿತ್ತು. ನೀವು ಆಸ್ಪತ್ರೆಗೆ ಹೋದದ್ದಕ್ಕೆ ನನಗೆ ನೋವಾಗಲಿಲ್ಲ. ನನ್ನ ಜೀವದ ಹೆಸರಿನಲ್ಲಿ ಹುಟ್ಟಿದ ಸುಳ್ಳನ್ನು ನಿಲ್ಲಿಸದೆ ಕೂತಿರಲ್ಲ, ಅದಕ್ಕೆ. ತವರಿನ ಗದ್ದೆಯಲ್ಲಿ ನಾಟಿ ಕೆಲಸವಿದೆ ಎಂದು ಅತ್ತೆಗೆ ಹೇಳಿ ಹೊರಟುಬಂದೆ.

ಈಗ ನೆಟ್ಟ ಕೂದಲು ಉದುರುತ್ತಿದೆ. ಅದು ಒಮ್ಮೆ ಉದುರಿ, ಬೇರು ಒಳಗೇ ಉಳಿದು, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಂತಲ್ಲ. ನಾಟಿಯಾದ ಗದ್ದೆ ಹಳದಿಗಟ್ಟಿತೆಂದು ಅಂಗಡಿಗೆ ಓಡಿಬರುವವರಿಗೆ ನೀವು ಏನು ಹೇಳುತ್ತೀರಿ? “ಬೇರು ಕಚ್ಕೊಳ್ಳಗಂಟ ತಡ್ಕೊಳ್ರಪ್ಪ.” ನಿಮ್ಮ ಮಾತನ್ನು ನಿಮಗೇ ವಾಪಸ್ ಕೊಡುತ್ತಿದ್ದೇನೆ. ಏಳುಮಲೆ ಮಾದಪ್ಪನಿಗೆ ನಿಮ್ಮ ದಿಂಬಿನ ಮೇಲೆ ಕೂತು ಕೂದಲು ಕೀಳುವುದಕ್ಕಿಂತ ಬೇರೆ ಕೆಲಸವಿದೆ.

ಅಂಗಡಿಗೆ ಹೋಗಿ. ಅದಕ್ಕೂ ಮೊದಲು ಅತ್ತೆಯ ಪಕ್ಕ ಕೂತು ನಿಜ ಹೇಳಿ. ಪೊರಕೆ ತೆಗೆದರೂ ತೆಗೆದಾರು. ತಲೆಗೆ ಮಾತ್ರ ಹೊಡೆಸಿಕೊಳ್ಳಬೇಡಿ. ದಿಂಬನ್ನು ಹಾಗೇ ಬಿಡಿ, ನಾನು ಬಂದು ಕೊಡವುತ್ತೇನೆ, ಮೊದಲಿನ ಹಾಗೆ.

ಮುಂದಿನ ಭಾನುವಾರ ಬರುತ್ತೇನೆ. ಬಸ್‌ಸ್ಟ್ಯಾಂಡಿಗೆ ಟೋಪಿ ಹಾಕಿಕೊಂಡು ಬನ್ನಿ. ಬೋಳು ನೆತ್ತಿಗೆ ಬಿಸಿಲು ಹೇಗೆ ಚುರುಗುಟ್ಟುತ್ತದೆಂದು ನನಗೆ ಗೊತ್ತು. ಅಲ್ಲಿಂದ ಊರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂರಬೇಕು. ಕಂಡಕ್ಟರ್ ಏನು ಬೇಕಾದರೂ ಅಂದುಕೊಳ್ಳಲಿ.

ನಿಮ್ಮ ಮಗಳಲ್ಲದ,
ಹೆಂಡತಿ
ಭಾಗ್ಯ

ತಾ.ಕ.: ಅತ್ತೆ ಊರಿಗೆಲ್ಲ ಸಾರಿದ ಮಾತು ಸುಳ್ಳಾಗಿಯೇ ಉಳಿಯುವುದು ನನಗೆ ಸರಿಬರಲಿಲ್ಲ. ಶ್ರಾವಣದ ಕಡೇ ಸೋಮವಾರ ಅವ್ವನ ಜೊತೆ ಬೆಟ್ಟಕ್ಕೆ ಹೋಗಿ, ಆ ಜ್ವರದಲ್ಲಿ ಉಳಿದ ಜೀವಕ್ಕೆ ನನ್ನ ಜಡೆಯನ್ನೇ ಕೊಟ್ಟುಬಂದೆ. ಪೂರ್ತಿ. ಮಾವನವರು ಕಂಡಿದ್ದಾರೆ, ಬಾಯಿ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೇನೆ. ಭಾನುವಾರ ತಲೆತುಂಬ ಸೆರಗು ಹೊದ್ದು ಇಳಿಯುವವಳು ನಾನೇ. ಗೋವಿಂದಯ್ಯನವರು ಮತ್ತೆ ಎದೆ ಬಡಿದುಕೊಂಡರೆ ಈ ಸಲ ನಿಜವನ್ನೇ ಹೇಳಿ. ಹೊರಡುವ ಮೊದಲು ಗಂಧ ತೇಯ್ದಿಟ್ಟಿರಿ. ನನ್ನ ತಲೆಯನ್ನು ಮುಟ್ಟಬಹುದು.