ಪ್ರತಿ ಚಾದರಿಗೂ ಸ್ವಾಮಿಯ ಹೆಸರು

3 ಜೂನ್, ಸೋಲಾಪುರ

ಸ್ವಾಮಿಯ ಹೆಸರನ್ನು ನಾನು ಕಸಕ್ಕೆ ಎಸೆದಿಲ್ಲ. ವೆಬ್‌ಸೈಟಿನ ನೆತ್ತಿಯ ಮೇಲೇ ದೊಡ್ಡದಾಗಿ ಇದೆ — ಕಣ್ಣಿದ್ದವರು ನೋಡಲಿ. ಅಳಿಸಿದ್ದು ಚಾದರ್ ಫೋಟೊಗಳ ಬಾಕ್ಸಿನಿಂದ ಮಾತ್ರ.

ಕಾಕಾನ ಚಾದರ್ ಅಂಗಡಿಯ ವೆಬ್‌ಸೈಟ್ ಮಾಡುವವನು ನಾನೇ. ಫೋಟೊ ಹಾಕಿದರೆ ಸಾಕು, ಟೂಲ್ ಪುಟ ಕಟ್ಟುತ್ತದೆ. ಪ್ರತಿ ಫೋಟೊಗೂ ಒಂದು ಬಾಕ್ಸ್: ಚಿತ್ರದಲ್ಲಿ ಏನಿದೆ, ಬರೆಯಿರಿ. ಕಣ್ಣಿಲ್ಲದವರಿಗೆ ಫೋನ್ ಅದನ್ನೇ ಓದಿ ಹೇಳುತ್ತದೆ. ಕಾಕಾ ಖಾಲಿ ಜಾಗ ಕಂಡಲ್ಲೆಲ್ಲ ಮೊದಲು ದೇವರ ಹೆಸರು ಬರೆಯುವ ಆಸಾಮಿ. ಎಲ್ಲ ಬಾಕ್ಸಿನಲ್ಲೂ ನನ್ನ ಕೈಲೇ ಬರೆಸಿದ — ಶ್ರೀ ಸ್ವಾಮಿ ಸಮರ್ಥ. ಬಾಕ್ಸ್ ತುಂಬಿದೆಯಲ್ಲ ಎಂದು ಟೂಲ್ ಹಸಿರು ಟಿಕ್ ಕೊಟ್ಟಿತು. ಮೂರ್ಖ ಟೂಲ್.

ಅಕ್ಕ ಪ್ರಣಿತಾಗೆ ಕಣ್ಣು ಕಾಣುವುದಿಲ್ಲ. ಫೋನ್ ಕಿವಿಗೆ ಹಿಡಿದು ಕೇಳಿದಳು.

"ತಮ್ಮಾ, ಇದು ಚಾದರ್ ಅಂಗಡಿಯೋ, ಮಠಾನೋ?"

ಅದಕ್ಕೇ ಅಳಿಸಿದೆ. ಆರ್ಡರ್ ಫೋನ್ ತೆಗೆಯುವ ಕೆಲಸ ಅವಳಿಗೇ ಎಂದು ಕಾಕಾನೇ ಹೇಳಿದ್ದ. ಅವಳಿಂದ ಆಗದಿದ್ದರೆ ಕರಜಗಿಗೆ, ಗುರಮ್ಮ ಅತ್ತೆಯ ಮನೆಗೆ ಕಳಿಸುತ್ತಾನಂತೆ. ಅಲ್ಲಿ ದಿನವಿಡೀ ಕಟ್ಟೆಯ ಮೇಲೆ ಕೂರಿಸುತ್ತಾರೆ, ಅಷ್ಟೇ. ಅಪ್ಪ ಇದ್ದಿದ್ದರೆ...

5 ಜೂನ್

ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು ನಾನು. ಬರೆಯುವುದೆಂದರೆ ಬೆವರಿಳಿಯುತ್ತದೆ. ಆದರೂ ಬರೆದೆ: ಕೆಂಪು ಡಬಲ್ ಚಾದರ್, ಅಂಚಿಗೆ ನವಿಲು. ನೀಲಿ, ದೊಡ್ಡ ಚೌಕಳಿ.

"ನವಿಲು ಗರಿ ಬಿಚ್ಚೇತೋ ಇಲ್ಲೋ?" ಅಕ್ಕ ಕೇಳಿದಳು.

"ಬಿಚ್ಚೇತಿ."

"ಹಂಗಾದ್ರ ಅದನ್ನೂ ಬರಿ. ಗಿರಾಕಿ ಕೇಳಿದ್ರ ನಾ ಏನ್ ಹೇಳ್ಲಿ?"

ಸೇರಿಸಿದೆ. ಸಂಜೆ ಎರಡು ಆರ್ಡರ್ ತೆಗೆದುಕೊಂಡಳು. ಒಬ್ಬಳೇ.

11 ಜೂನ್

ಕಾಕಾ ಅಕ್ಕಲಕೋಟದ ಸ್ವಾಮಿಯ ಮಠದಿಂದ ಪ್ರಸಾದ ತಂದ. ನಾನು ಗೋದಾಮಿನಲ್ಲಿದ್ದಾಗ ತನ್ನ ಮಗ ಶೈಲೇಶನನ್ನು ಕೂರಿಸಿ ಎಲ್ಲ ಬಾಕ್ಸಿಗೂ ಮತ್ತೆ ಹೆಸರು ತುಂಬಿಸಿದ. ಬರೆದದ್ದೆಲ್ಲ ಹೋಯಿತು.

ಮಧ್ಯಾಹ್ನ ಲಾತೂರಿನ ಗಿರಾಕಿ. ಮೂರನೇ ಚಾದರ್ ಯಾವ ಬಣ್ಣ, ಹೇಳಿ ಎಂದ. ಅಕ್ಕ ಪುಟ ಸರಿಸಿದಳು. ಫೋನ್ ಓದಿದ್ದು — ಸ್ವಾಮಿ. ಮತ್ತೆ ಸರಿಸಿದಳು. ಸ್ವಾಮಿ. ಆತ ಕಾದು ಕಾದು ಕಟ್ ಮಾಡಿದ.

"ನೋಡಿದ್ಯಾ? ಆಗೂದಿಲ್ಲ ಆಕಿಗೆ," ಕಾಕಾ ಎಂದ. "ನಾಳಿ ಕರಜಗಿ ಬಸ್ಸಿಗೆ ಕಳಸೂಣು."

"ಆಗದಂಗ ಮಾಡಿದವ್ರು ನೀವು!"

"ದೇವರ ಹೆಸರು ಅಳಿಸೋ ಕೈಗೆ ಬಾಯಿ ಬ್ಯಾರೆ."

"ಬಿಡೋ ತಮ್ಮಾ," ಅಕ್ಕ ಸೀರೆ ಮಡಚುತ್ತಿದ್ದಳು. ನನ್ನ ಜೊತೆ ಬಾ, ಎಲ್ಲಾದರೂ ಬಾಡಿಗೆ ಖೋಲಿ ಹಿಡಿಯೋಣ ಎಂದೆ. ಅಲ್ಲಾಡಲಿಲ್ಲ.

"ಸಿಟ್ಟಿಗೆ ಅನ್ನ ಹುಟ್ಟತದೇನೋ?"

ಸರಿ. ಇರು. ನಾನಂತೂ ಇರುವುದಿಲ್ಲ. ಚೀಲ ಭುಜಕ್ಕೆ ಹಾಕಿದ್ದೇನೆ. ಬಾಗಿಲನ್ನು ಎಷ್ಟು ರಪ್ಪನೆ ಬಡಿಯುತ್ತೇನೆಂದರೆ, ಕಾಕಾ ಬೆಚ್ಚಿಬೀಳಬೇಕು.