ಊಟಕ್ಕೆ ಮೊದಲು ಆಹಿರಿ

ವಡಪಳನಿ, ಮದರಾಸು
೨೩–೭–೧೯೬೩, ಮಂಗಳವಾರ

ನನ್ನ ಪಾಲಿಗೆ ದೇವರಂತಿರುವ, ಆದರೆ ದೇವರಿಗಿಂತ ಸ್ವಲ್ಪ ಹೆಚ್ಚೇ ಹಟವಿರುವ ನಿಮಗೆ ಅಭಯಾಂಬಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ತೈಲದ ಸೀಸೆ ದೇವರ ಕೋಣೆಯ ಗೂಡಿನಲ್ಲಿ, ಕರ್ಪೂರದ ಡಬ್ಬಿಯ ಹಿಂದೆ ಇದೆ. ಹುಡುಕಿ ಸಿಗಲಿಲ್ಲ ಎನ್ನಬೇಡಿ, ನೀವು ಹುಡುಕುವುದು ಎಂದರೆ ಬಾಗಿಲಲ್ಲಿ ನಿಂತು ನನ್ನನ್ನು ಕೂಗುವುದು ಎಂದು ನನಗೆ ಗೊತ್ತು. ಕೋದಂಡನ ಮನೆಯಿಂದ ಊಟ ಹೊತ್ತಿಗೆ ಸರಿಯಾಗಿ ಬರುತ್ತಿದೆಯೆ? ಅವನ ಹೆಂಡತಿಯ ಕೈ ಸ್ವಲ್ಪ ಖಾರ. ಶಿಷ್ಯನ ಹೆಂಡತಿ ಎಂದು ಸಂಕೋಚಪಟ್ಟು ಗಂಟಲು ಕೆಡಿಸಿಕೊಳ್ಳಬೇಡಿ. ರಾತ್ರಿ ಮಜ್ಜಿಗೆ ಬೇಡ. ಮೊಮ್ಮಗಳು ಹುಟ್ಟಿದ ಪುರುಡು ನಿಮಗೂ ಇದೆ, ಅದು ಕಳೆಯುವ ತನಕ ಸಂಗೀತ ಕಚೇರಿ ಒಪ್ಪಿಕೊಳ್ಳಬೇಡಿ.

ಇಲ್ಲಿ ತಾಯಿ ಮಗು ಇಬ್ಬರೂ ಕ್ಷೇಮ. ಧರ್ಮುವಿಗೆ ಬಾಣಂತನದ ಖಾರ ಕೊಡುತ್ತಿದ್ದೇನೆ, ಮುಖ ಕಿವುಚಿಕೊಂಡು ನುಂಗುತ್ತಾಳೆ. ತಾಯಿಯಿಲ್ಲದ ಹುಡುಗಿ, ಸೊಸೆ ಎಂದು ನೋಡಲು ಮನಸ್ಸು ಬರುವುದಿಲ್ಲ. ನಿಮ್ಮ ಮೊಮ್ಮಗಳ ಹಣೆ ನಿಮ್ಮದೇ, ಕಚೇರಿಯ ಜಮಖಾನದಷ್ಟು ಅಗಲ. ಅಳುವುದು ಮಾತ್ರ ಮೇಲಿನ ಷಡ್ಜದಲ್ಲಿ. ನಿಂತ ಜಾಗ ಬಿಟ್ಟು ಕದಲುವುದಿಲ್ಲ, ಶ್ರುತಿ ಅಷ್ಟು ಶುದ್ಧ.

ನಿಮ್ಮ ಕಾರ್ಡು ನಿನ್ನೆ ಬಂತು. ಇಂಥದ್ದನ್ನು ಕವರಿನಲ್ಲಿಟ್ಟು ಕಳಿಸಬಾರದೆ? ಟಪಾಲಿನವನಿಂದ ಹಿಡಿದು ಎದುರು ಮನೆಯ ಮಾಮಿಯವರೆಗೆ ಎಲ್ಲರೂ ಓದಿಯಾಯಿತು. ‘ಆಹಿರಿ ರಾಗವನ್ನು ಬೀದಿಗೆ ತಂದವರು ಇರುವ ಮನೆಯೊಳಗೆ ನಾನು ಕಾಲಿಡುವುದಿಲ್ಲ. ಪುಣ್ಯಾಹ ನಾನಿಲ್ಲದೆ ನಡೆಯಲಿ’ ಎಂದು ಬರೆದಿದ್ದೀರಿ. ಪಂಜು ಎರಡು ಸಲ ಓದಿ, ಜೇಬಿನಲ್ಲಿಟ್ಟುಕೊಂಡು, ಕಾಫಿ ಕೂಡ ಕುಡಿಯದೆ ಸ್ಟುಡಿಯೋಗೆ ಹೊರಟ. ಚಪ್ಪಲಿ ಮೆಟ್ಟುವಾಗ ಒಂದೇ ಮಾತು ಹೇಳಿದ: “ಮಗು ಕಿವೀಲಿ ಅಪ್ಪನೇ ಹೆಸರು ಹೇಳ್ಬೇಕು ಅಂತಿದ್ದೆ ಅಮ್ಮಾ. ಬೇರೆ ಯಾರ ಕೈಲೂ ಹೇಳ್ಸಲ್ಲ.” ನಿಮಗೆ ತಕ್ಕ ಮಗ. ನೀವಿಬ್ಬರೂ ಹೀಗೆ ಜಗ್ಗಾಡುತ್ತ ಕುಳಿತರೆ ಆ ಕೂಸು ಹೆಸರಿಲ್ಲದೆ ಬೆಳೆಯಬೇಕಷ್ಟೆ. ಅದಕ್ಕೇ ಅವನಿಗೆ ಹೇಳದೆ ಈ ಕಾಗದ ಬರೆಯುತ್ತಿದ್ದೇನೆ. ನೀವು ಹಾಡನ್ನು ಕೇಳಿಲ್ಲ, ಸಿಲೋನ್ ರೇಡಿಯೋದಲ್ಲಿ ಕೋದಂಡ ಕೇಳಿ ಬಂದು ಕಿವಿಯಲ್ಲಿ ಊದಿದ್ದನ್ನು ಕೇಳಿದ್ದೀರಿ. ನಡೆದದ್ದನ್ನು ನಡೆದ ಹಾಗೆ ನನ್ನ ಬಾಯಿಂದ ಕೇಳಿ.

ಪಂಜು ಸಂಗೀತ ಕೊಟ್ಟ ಆ ಚಿತ್ರದ ಕತೆಯಲ್ಲಿ ಒಬ್ಬ ವಿಧವೆ ತಾಯಿ. ಒಬ್ಬನೇ ಮಗ ಹಡಗು ಹತ್ತಿ ಹೋದವನು, ಸುದ್ದಿಯೇ ಇಲ್ಲ. ಅವಳು ದಿನವೂ ಅವನ ಎಲೆ ಹಾಕಿ ಬಡಿಸಿ ಕಾಯುತ್ತಾಳೆ, ಹೊತ್ತು ಇಳಿದ ಮೇಲೆ ಎಲೆಯನ್ನು ಹಾಗೆಯೇ ಎತ್ತುತ್ತಾಳೆ. ಅವಳಿಗೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅಲ್ಲಿಗೊಂದು ಹಾಡು ಬೇಕು. “ಹೆಂಗಸ್ರು ಸೆರಗಲ್ಲಿ ಕಣ್ಣೊರೆಸ್ಕೊಂಡ್ರೆ ಸಾಕು ತಂಬಿ, ರಾಗ ಯಾವ್ದಾದ್ರೆ ನನಗೇನು” ಎಂದು ಚಿತ್ರದ ನಿರ್ದೇಶಕರು ಇವನ ತಲೆಗೆ ಕಟ್ಟಿ ಹೋದರಂತೆ. ಪಂಜು ಹಾರ್ಮೋನಿಯಂ ಮುಂದೆ ಕುಳಿತು ಒಂದೊಂದೇ ರಾಗವನ್ನು ಬಾರಿಸಿ ನೋಡಿದ, ಯಾವುದೂ ಒಗ್ಗಲಿಲ್ಲ. ಆಮೇಲೊಂದು ದಿನ, ಬಸುರಿ ಧರ್ಮುವನ್ನು ನೋಡಿಕೊಳ್ಳಲು ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಅಡುಗೆಮನೆಗೆ ಬಂದ. “ಅಮ್ಮಾ, ಉಣ್ಣೋಕೆ ಮುಂಚೆ ಆಹಿರಿ ಹಾಡಿದ್ರೆ ಅವತ್ತು ಅನ್ನ ಸಿಗಲ್ಲ ಅಂತ ಅಪ್ಪ ಹೇಳ್ತಿದ್ರಲ್ಲ. ಈ ತಾಯಿಗೆ ಸಿಗದೆ ಇರೋದೂ ಅದೇ ಅಲ್ವಾ?” ಎಂದ. ಕೇಳುತ್ತ ನಿಂತೆ, ಒಗ್ಗರಣೆ ಸೀದುಹೋಯಿತು. ನೀವೇ ಹೇಳಿ, ಕೈಗೆ ಸಿಕ್ಕಿತು ಎಂದು ಎತ್ತಿಕೊಂಡು ಹೋದದ್ದೇ ಇದು? ನೀವು ಹೇಳಿಕೊಟ್ಟ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವನಿಗೆ ಮಾತ್ರ ಇದು ಹೊಳೆಯುತ್ತದೆ.

ಅರ್ಧ ಗಂಟೆ ಹಾಡಿದರೂ ಮುಗಿಯದ ರಾಗವನ್ನು ಮೂರೂವರೆ ನಿಮಿಷಕ್ಕೆ ಕತ್ತರಿಸುವುದು ಕಟುಕನ ಕೆಲಸ ಎನ್ನುತ್ತೀರಿ. ಅವನು ಏನು ಮಾಡಿದ ಕೇಳಿ. ಮೊದಲು ಹಾರ್ಮೋನಿಯಂ ಮುಚ್ಚಿಟ್ಟ, ಆಹಿರಿ ಅದರ ಸ್ವರದ ಮನೆಗಳಿಗೆ ಸಿಗುವುದಿಲ್ಲ ಎಂದು ನಿಮ್ಮಷ್ಟೇ ಅವನಿಗೂ ಗೊತ್ತು. ತಂಬೂರಿ ಇಳಿಸಿ, ಧೂಳು ಒರೆಸಿ, ಶ್ರುತಿ ಕೂಡಿಸಿಕೊಂಡ. ಸ್ವರಗಳನ್ನು ಕುಣಿಸಲಿಲ್ಲ, ಮೆರೆಯಲಿಲ್ಲ. ನಿಮ್ಮ ಗುರುಗಳ ಮನೆಯಲ್ಲಿ ಮಾತ್ರ ಹಾಡುತ್ತಿದ್ದ ಆ ಇಳಿಜಾರಿನ ಸಂಚಾರ ಉಂಟಲ್ಲ, ಮೇಲಿಂದ ಬಂದು ಗಾಂಧಾರದಲ್ಲಿ ಕಾಲು ಜಾರಿದ ಹಾಗೆ ಜಾರಿ ನಿಲ್ಲುವುದು, ಅದೊಂದನ್ನೇ ಹಿಡಿದು ಪ್ರತಿ ಸಾಲಿನ ಕೊನೆಗೆ ಇಟ್ಟ. ಹಾಡು ಎಲ್ಲಿಗೆ ಹೋದರೂ ತಿರುಗಿ ಅಲ್ಲಿಗೇ ಬರುತ್ತದೆ. ಸ್ಟುಡಿಯೋದಲ್ಲಿ ಸಾಲಾಗಿ ಪಿಟೀಲಿನವರು, ಅವರಿಗೆ ಹಿರಿಯ ಡಿಮೆಲ್ಲೊ. ಕಾಗದದಲ್ಲಿ ಬರೆದದ್ದನ್ನು ಒಂದು ಕೂದಲೆಳೆ ತಪ್ಪದೆ ನುಡಿಸುವವರು, ಆದರೆ ಆಹಿರಿ ಅವರ ಕೈಯಲ್ಲಿ ಬೇಯದ ಅಕ್ಕಿಯಂತೆ ಬಿಡಿಬಿಡಿಯಾಯಿತಂತೆ. ಪಂಜು ಅವರಿಗೆಲ್ಲ ಷಡ್ಜ ಪಂಚಮ ಹಿಡಿದು ನಿಲ್ಲಿ ಎಂದ, ರಾಗವನ್ನು ಕೊಳಲಿಗೂ ಕಂಠಕ್ಕೂ ಮಾತ್ರ ಬಿಟ್ಟ. ಗೊತ್ತಿಲ್ಲದವರ ಕೈಗೆ ನಿಮ್ಮ ಮಗ ರಾಗವನ್ನು ಕೊಡಲಿಲ್ಲ.

ಆದರೂ ಮೊದಲ ದಿನ ಎಡವಟ್ಟಾಯಿತು. ಚಿತ್ತಿರೈ ತಿಂಗಳ ನಡುಬೇಸಗೆಯ ಬಿಸಿಲು. ಬೆಳಿಗ್ಗೆಯಿಂದ ಆಹಿರಿ ಅಭ್ಯಾಸ ನಡೆದಿದೆ, ಮಧ್ಯಾಹ್ನದ ಊಟ ತರುತ್ತಿದ್ದ ವ್ಯಾನು ಕೋಡಂಬಾಕ್ಕಂ ರೈಲ್ವೆ ಗೇಟಿನಲ್ಲಿ ಸಿಕ್ಕಿ ಕೆಟ್ಟು ನಿಂತಿತು. ಬಂದು ಮುಟ್ಟುವ ಹೊತ್ತಿಗೆ ಸಾಂಬಾರು ಹಳಸಿ ನೊರೆ ಕಟ್ಟಿತ್ತು. ಮೃದಂಗದ ರಾಜಮಾಣಿಕ್ಯಂ ನಮ್ಮ ತಂಜಾವೂರಿನ ಕಡೆಯವನೇ, ಸುಮ್ಮನಿರಬಾರದೆ? “ಬೆಳಬೆಳಗ್ಗೆ ಆಹಿರಿ ಎಳೆದ್ರೆ ಇನ್ನೇನು ಪಾಯಸ ಬರುತ್ತಾ?” ಎಂದನಂತೆ. ಅದು ನಿರ್ಮಾಪಕ ಆವುಡೈಯಪ್ಪ ಪಿಳ್ಳೆಯವರ ಕಿವಿಗೆ ಬಿತ್ತು. ಅವರು ತಿರುನೆಲ್ವೇಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. “ಏನ್ ತಂಬಿ, ಅಕ್ಕಿ ಮಾರಿ ಬದುಕೋನು ನಾನು. ನನ್ನ ದುಡ್ಡಲ್ಲೇ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ? ನಾಳೆ ರಾಗ ಬದಲಾಗ್ಬೇಕು, ಇಲ್ಲಾಂದ್ರೆ ಆಳು ಬದಲಾಗ್ತಾನೆ” ಎಂದುಬಿಟ್ಟರು. ಪಂಜು ಮನೆಗೆ ಬಂದು ಅಂಗಿ ಕೂಡ ಬಿಚ್ಚದೆ ಕುಳಿತ. “ಚಿತ್ರ ಬೇಕಾದ್ರೆ ಬಿಡ್ತೀನಿ, ಆಹಿರಿ ಬಿಡಲ್ಲ” ಎಂದ. ಧರ್ಮು ಬಸುರಿ, ಕೈಯಲ್ಲಿರುವುದು ಈ ಒಂದೇ ಚಿತ್ರ. ನನಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಎದೆ ಉಬ್ಬಿತು. ನೀವೇ ಎದುರು ಕುಳಿತು ಮಾತಾಡಿದ ಹಾಗಿತ್ತು.

ಆಗ ನನಗೆ ನಮ್ಮ ಮನೆಯ ನೆನಪು ಬಂತು. ನೀವು ಆಹಿರಿ ಪಾಠ ಹೇಳುತ್ತಿದ್ದದ್ದು ಯಾವಾಗ? ಊಟವಾಗಿ, ತೇಗಿ, ಎಲೆಯಡಿಕೆ ಮೆದ್ದು, ಉಯ್ಯಾಲೆಯ ಮೇಲೆ ಒರಗಿದ ಮೇಲೆ. ಶಿಷ್ಯರದೂ ಊಟವಾಗಿರುತ್ತಿತ್ತು. ಮನೆಯಲ್ಲಿ ಊಟವಾಗದೆ ಉಳಿದವಳು ನಾನೊಬ್ಬಳೇ. ಎಲೆಗಳನ್ನು ಎತ್ತಿ, ಗೋಮಯ ಹಚ್ಚಿ, ಒಲೆ ಸಾರಿಸುತ್ತ ಅಡುಗೆಮನೆಯ ಬಾಗಿಲ ಹಿಂದೆ ಇರುತ್ತಿದ್ದೆ. ಮೂವತ್ತು ವರ್ಷ ಹಸಿದ ಹೊಟ್ಟೆಯಲ್ಲೇ ಆಹಿರಿ ಕೇಳಿದವಳು ನಾನು. ನನ್ನ ಅನ್ನ ಒಂದು ದಿನವೂ ತಪ್ಪಲಿಲ್ಲ, ತಣ್ಣಗಾಗಿರುತ್ತಿತ್ತು ಅಷ್ಟೆ. ಇದನ್ನು ಪಿಳ್ಳೆಯವರಿಗೆ ಹೇಳಿದರೆ ನಂಬುತ್ತಾರೆಯೆ? ನೀವೇ ನಂಬುವುದಿಲ್ಲ. ಅದಕ್ಕೇ ಪಂಜುವಿಗೆ, “ಉಣ್ಣದೆ ಹಾಡಬಾರ್ದು ಅನ್ನೋದು ತಾನೇ ಅವರ ಭಯ? ಉಣ್ಣಿಸಿ ಹಾಡ್ಸು, ಅದಕ್ಯಾಕೆ ಇಷ್ಟು ಯೋಚ್ನೆ” ಎಂದೆ.

ಮರುದಿನ ಕೋಳಿ ಕೂಗುವ ಮೊದಲೇ ಎದ್ದು ಒಲೆ ಹಚ್ಚಿದೆ. ಎದುರು ಮನೆಯ ಮಾಮಿ ದೊಡ್ಡ ಪಾತ್ರೆಗಳನ್ನೂ ಕೊಟ್ಟಳು, ಕೈಯನ್ನೂ ಕೊಟ್ಟಳು. ಪುಳಿಯೋಗರೆ, ಮೊಸರನ್ನ, ಸಂಡಿಗೆ, ಹೊಸದಾಗಿ ಹಾಕಿದ್ದ ಮಾವಿನ ಮಿಡಿ. ಎಲ್ಲವನ್ನೂ ಟ್ಯಾಕ್ಸಿಗೆ ಏರಿಸಿ ಸ್ಟುಡಿಯೋಗೆ ಹೊರಟೆ. ನಾನು ಮಡಿ ಹೆಂಗಸು, ಸಿನಿಮಾ ಜಾಗಕ್ಕೆ! ನೀವು ನೋಡಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದಿರಿ. ವರಾಂಡದಲ್ಲಿ ಬಾಳೆಲೆ ಹಾಸಿ ಎಲ್ಲರನ್ನೂ ಕೂರಿಸಿದೆ. ಮೊದಲ ಎಲೆ ಪಿಳ್ಳೆಯವರದು. “ಇದು ನಿಮ್ಮ ಗಿರಣಿ ಅಕ್ಕೀನೇ. ಉಂಡು ನೋಡಿ, ಅನ್ನ ಸಿಕ್ತೋ ಇಲ್ವೋ ನೀವೇ ಹೇಳಿ” ಎಂದೆ. ಅವರು ಮುಖ ಬಿಗಿದುಕೊಂಡೇ ಮೂರು ಸಲ ಪುಳಿಯೋಗರೆ ಹಾಕಿಸಿಕೊಂಡರು. ಕೈ ತೊಳೆದು ಬಂದು, “ಮಾಮೀ, ಆಹಿರಿ ಏನು, ಅದರ ಮುತ್ತಜ್ಜೀನ ಬೇಕಾದ್ರೂ ಹಾಡ್ಸಿ” ಎಂದರು! ಡಿಮೆಲ್ಲೊ ಮೊಸರನ್ನದ ಪಾತ್ರೆಯ ತಳ ಕೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಇಂಬವಲ್ಲಿ ಎಂಬ ಹುಡುಗಿ ಹಾಡಿದಳು. ಒಳ್ಳೆಯ ಕಂಠ, ಪಂಜು ಒಂದು ವಾರ ಎದುರು ಕೂರಿಸಿಕೊಂಡು ಆ ಇಳಿಜಾರನ್ನು ತಿದ್ದಿದ್ದ. ಹಾಡು ಮುಗಿದದ್ದೇ ತಡ, ರಾಜಮಾಣಿಕ್ಯಂ ಬಂದು ಪಂಜುವಿನ ಎರಡೂ ಕೈ ಹಿಡಿದುಕೊಂಡ.

ಇದು ಬೀದಿಗೆ ಬಂದದ್ದು ನಿಜ. ಎಂಥ ಬೀದಿಗೆ ಬಂತು ಎಂದು ಹೇಳುತ್ತೇನೆ. ಮಗು ಹುಟ್ಟಿದ ದಿನ ಅದನ್ನು ತೊಳೆದು ಬಟ್ಟೆ ಸುತ್ತಿ ತಂದ ನರ್ಸು ಸ್ಟೆಲ್ಲಾ ಈ ಹಾಡನ್ನೇ ಗುನುಗುತ್ತ ಬಂದಳು. ಇದು ಯಾರ ಮನೆಯ ಮಗು ಎಂದು ಅವಳಿಗೆ ಗೊತ್ತಿಲ್ಲ. ಗಾಂಧಾರ ಜಾರಬೇಕಾದಲ್ಲಿ ಜಾರಿತು, ನಿಲ್ಲಬೇಕಾದಲ್ಲಿ ನಿಂತಿತು. ಅದಕ್ಕಾಗಿ ನೀವು ಕೋದಂಡನ ತೊಡೆ ಎಷ್ಟು ಸಲ ಚಿವುಟಿದ್ದೀರಿ! “ಇದು ಯಾವ ರಾಗ ಗೊತ್ತೇನಮ್ಮಾ?” ಎಂದು ಕೇಳಿದೆ. “ರಾಗ ಎಲ್ಲಾ ಗೊತ್ತಿಲ್ಲ ಅಜ್ಜೀ. ಹಾಡಿದ್ರೆ ನಮ್ಮಮ್ಮ ನೆನಪಾಗ್ತಾಳೆ” ಎಂದಳು. ನೀವು ಸಭೆಯಲ್ಲಿ ಆಹಿರಿ ಎತ್ತಿಕೊಂಡರೆ ಮುಂದಿನ ನಾಲ್ಕು ಸಾಲು ತಲೆದೂಗುತ್ತಿತ್ತು, ಹಿಂದಿನವರು ಬೋಂಡಾ ತಿನ್ನಲು ಎದ್ದು ಹೋಗುತ್ತಿದ್ದರು. ಮನೆಗೆ ಬಂದು ಅವರನ್ನು ಬೈದು ಬೈದು ಮಲಗುತ್ತಿದ್ದಿರಿ. ಆ ಎದ್ದು ಹೋದವರೆಲ್ಲ ಈಗ ಆಹಿರಿ ಕೇಳುತ್ತಿದ್ದಾರೆ. ನಿಮ್ಮ ಗುರುಗಳು ಇದ್ದಿದ್ದರೆ ಕೋಪ ಮಾಡುತ್ತಿದ್ದರೋ ಏನೋ ನನಗೆ ತಿಳಿಯದು. ನನಗಂತೂ ಹೆಮ್ಮೆ. ಮಗನನ್ನು ಹೆತ್ತದ್ದಕ್ಕೂ ಹೆಮ್ಮೆ, ಅವನಿಗೆ ಇದನ್ನು ಕಲಿಸಿದವರ ಕೈ ಹಿಡಿದದ್ದಕ್ಕೂ ಹೆಮ್ಮೆ.

ಪುಣ್ಯಾಹ ಬರುವ ಸೋಮವಾರ. ಶನಿವಾರ ರಾತ್ರಿ ಕುಂಭಕೋಣದಲ್ಲಿ ರೈಲು ಹತ್ತಿದರೆ ಭಾನುವಾರ ಬೆಳಿಗ್ಗೆ ಎಗ್ಮೋರಿನಲ್ಲಿ ಇಳಿಯುತ್ತೀರಿ. ಕೋದಂಡನನ್ನು ಜೊತೆಗೆ ಕರೆತನ್ನಿ, ಮೇಲಿನ ಬರ್ತು ಅವನು ಹತ್ತಲಿ. ಬರುವಾಗ ಹಿತ್ತಲಿನ ವೀಳ್ಯದೆಲೆ ಒಂದು ಕಟ್ಟು ತನ್ನಿ, ಇಲ್ಲಿನದು ಬರೀ ಹುಲ್ಲು. ನಿಮ್ಮ ಶಿಷ್ಯರಿಗೆಲ್ಲ ನನ್ನ ಆಶೀರ್ವಾದ. ಧರ್ಮು ಮಲಗಿದ ಕಡೆಯಿಂದಲೇ ನಮಸ್ಕಾರ ಹೇಳುತ್ತಿದ್ದಾಳೆ. ಪಂಜು ಹೇಳಿಲ್ಲ, ಅವನದೂ ಸೇರಿಸಿಕೊಳ್ಳಿ.

ನಿಮ್ಮ ಮನೆಯವಳು,
ಅಭಯಾಂಬಾ

ತಾ. ಕ.: ಪಂಜು ಗೇಟು ತೆಗೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಡು ಶುರುವಾಗುವ ಮೊದಲು, ಮಾತಿಲ್ಲದೆ, ಒಳಮನೆಯಿಂದ ಬಂದ ಹಾಗೆ ಒಂದು ಆಲಾಪನೆ ಕೇಳುತ್ತದೆ. ಅದೂ ಇಂಬವಲ್ಲಿಯದೇ ಎಂದು ಊರೆಲ್ಲ ತಿಳಿದಿದೆ. ಅಲ್ಲ, ಅದು ನಾನು. ಅವತ್ತು ಎಲ್ಲರಿಗೂ ಬಡಿಸಿ ಪಾತ್ರೆ ಬಳಿಯುತ್ತಿದ್ದಾಗ ಪಂಜು ಬಂದು, “ಅಮ್ಮಾ, ಅವಳು ಹೊಟ್ಟೆ ತುಂಬಾ ಉಂಡಿದ್ದಾಳೆ. ನನಗೆ ಇನ್ನೂ ಉಣ್ಣದೆ ಇರೋ ಗಂಟಲು ಬೇಕು, ನೀನು ಒಲೆ ಮುಂದೆ ಹಾಡ್ಕೋತೀಯಲ್ಲ ಹಾಗೆ” ಎಂದ. ಮದುವೆಯಾದ ಹೊಸದರಲ್ಲಿ ನಾನು ರಂಗೋಲಿ ಇಡುತ್ತ ಹಾಡಿದ್ದಕ್ಕೆ ‘ಒಂದು ಮನೆಗೆ ಒಂದು ಗಂಟಲು ಸಾಕು’ ಎಂದಿರಿ. ಅಂದಿನಿಂದ ನೀವಿರುವಾಗ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ, ಒಂದೇ ಸಲಕ್ಕೆ ಸರಿಯಾಯಿತು. ಆಹಿರಿಯನ್ನು ಬೀದಿಗೆ ತಂದವರಲ್ಲಿ ನಾನೂ ಒಬ್ಬಳು. ಅಂಥವರಿರುವ ಮನೆಯೊಳಗೆ ಕಾಲಿಡುವುದಿಲ್ಲ ಎಂದಿದ್ದೀರಿ. ಬಾಣಂತನ ಮುಗಿಸಿ ನಾನು ಕುಂಭಕೋಣದ ಮನೆಗೆ ಬಂದಮೇಲೆ ನೀವು ಎಲ್ಲಿಗೆ ಹೋಗುತ್ತೀರಿ?